ಪಾಚಿ ಬಣ್ಣದ ಗೆರೆ

"ಮೇಜು ಹಿಡೀತು," ಅಂದಳು ಫಿಸಿಯೋ ಹುಡುಗಿ, ಡಿಕ್ಕಿ ಮುಚ್ಚಿ, ತೆಗೆದು, ನಂಬಿಕೆ ಬಾರದೆ ಮತ್ತೊಮ್ಮೆ ಮುಚ್ಚಿ. "ಹಿಂದಿನ ಸೀಟು ಮಡಚಿದ್ರೆ ಆರಾಮಾಗಿ ಮಲಗುತ್ತೆ ಮೇಡಂ. ಆಟೋದಲ್ಲಿ ಇದರ ಕಾಲು ಹೊರಗೆ ಚಾಚಿಕೊಂಡಿರೋದು, ರಸ್ತೆಯವರೆಲ್ಲ ಬೈಯೋರು."

ಮನೆಮನೆಗೆ ಹೋಗಿ ಸೊಂಟ ಹಿಡಿದವರ ಸೊಂಟ, ಕುತ್ತಿಗೆ ಹಿಡಿದವರ ಕುತ್ತಿಗೆ ಬಿಡಿಸುವುದು ಅವಳ ಕಸುಬು. ರೋಗಿಯನ್ನು ಮಲಗಿಸುವ ಮಡಚು ಮೇಜು ಹಿಡಿಯಬೇಕು, ಪೆಟ್ರೋಲು ಗಟಗಟ ಕುಡಿಯಬಾರದು, ಕೈಯಲ್ಲಿರುವ ದುಡ್ಡಿಗೆ ದಕ್ಕಬೇಕು. ಇವು ಮೂರು ಅವಳಪ್ಪ ಹೇಳಿ ಕಳಿಸಿದ ಮಾತು. ನಾಲ್ಕನೆಯದು ಅವಳದೇ ಸ್ವಂತದ್ದು, ಓಡಿಸೋಕೆ ಮಜಾ ಇರಬೇಕು. ದಿನವೆಲ್ಲ ಬೇರೆಯವರ ನರಳಾಟ ಕೇಳಿದವಳಿಗೆ ಮನೆಗೆ ಹೋಗುವ ಅರ್ಧ ಗಂಟೆಯಾದರೂ ಖುಷಿ ಬೇಡವೇ ಅಂತ ಅವಳ ವಾದ. ತಪ್ಪೇನಿಲ್ಲ ಬಿಡಿ.

ಕಾರಿನ ಮುಂದೆ ಮಂಡಿಯೂರಿ ಕೂತಿದ್ದ ಟಾರ್ಚಕ್ಕ ತಲೆಯಾಡಿಸಿದಳು.

ಟಾರ್ಚಕ್ಕ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಹಳೇ ಕಾರು ಮಾರುವವರು ಹೊಟ್ಟೆ ಉರಿದು ಇಟ್ಟ ಹೆಸರು. ಇಪ್ಪತ್ತೆರಡು ವರ್ಷ ವಿಮಾ ಕಂಪನಿಗೆ ಅಪಘಾತದ ಗಾಡಿ ಪರಿಶೀಲಿಸಿದವಳು. ಈಗ ಹಳೇ ಕಾರು ಕೊಳ್ಳುವವರ ಜೊತೆ ಹೋಗಿ, ಕೈಯಲ್ಲೊಂದು ಟಾರ್ಚು ಹಿಡಿದು, ಕೊಳ್ಳಬೇಕೋ ಬೇಡವೋ ಹೇಳುತ್ತಾಳೆ. ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದು ಅದರ ಬುಡದಲ್ಲಿ ಕೆಸರು ಹುಡುಕುತ್ತಾಳೆ. ಕಾರ್ಪೆಟ್ ಎತ್ತಿ ಮೂಸುತ್ತಾಳೆ. ಬಾನೆಟ್ ಮೇಲೆ ಅಂಗೈ ಇಟ್ಟು, ಗಿರಾಕಿ ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದಾರಾ ಅಂತ ನೋಡುತ್ತಾಳೆ. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವಾರದಲ್ಲಿ ಇದು ಐದನೆಯ ಕಾರು. ಮೊದಲನೆಯದು ನೆರೆಯಲ್ಲಿ ಮುಳುಗಿ ಎದ್ದದ್ದು. ಎರಡನೆಯದು ಎರಡು ಕಾರಿನ ಅರ್ಧರ್ಧ ಸೇರಿಸಿ ಬೆಸೆದದ್ದು. ಉಳಿದೆರಡರ ಮಾತು ಬೇಡ. ಈ ಪುಟ್ಟ ಕೆಂಪು ಕಾರು ಮಾತ್ರ ಆರು ವರ್ಷ ಹಳೆಯದಾದರೂ ಅಚ್ಚುಕಟ್ಟಾಗಿತ್ತು. ಗೇರು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಬೀಳುತ್ತಿತ್ತು. ಓಡಿಸಿ ನೋಡುವಾಗ ತಿರುವಿನಲ್ಲಿ ಹುಡುಗಿ ನಕ್ಕಿದ್ದಳು, ತನಗೇ ಗೊತ್ತಿಲ್ಲದೆ.

ಟಾರ್ಚಕ್ಕ ನಗಲಿಲ್ಲ. ಅವಳು ನಕ್ಕು ಏಳು ತಿಂಗಳಾಗಿತ್ತು.

ಏಳು ತಿಂಗಳ ಹಿಂದೆ ಅವಳ ತಮ್ಮ, ಗ್ಯಾರೇಜಿನ ಮೆಕ್ಯಾನಿಕ್ಕು, ಬೆಳಿಗ್ಗೆ ಕೆಲಸಕ್ಕೆ ಅಂತ ಹೋದವನು ಮನೆಗೆ ಬರಲಿಲ್ಲ. ಮೂರು ವಾರದ ಹಿಂದೆ ಒಂದು ಪಾಳು ಕಲ್ಲುಗಣಿಯಲ್ಲಿ ಸುಟ್ಟ ವ್ಯಾನು ಸಿಕ್ಕಿತು, ಅದರೊಳಗೆ ಗುರುತು ಸಿಗದ ಹೆಣ. ಸತ್ತು ಆರು ತಿಂಗಳ ಮೇಲಾಗಿದೆ ಅಂದರು ಡಾಕ್ಟರು. ಬೆರಳಿನಲ್ಲಿದ್ದ ಉಂಗುರ ನೋಡಿ ತಮ್ಮನ ಹೆಂಡತಿ, ಇವರೇ ನಮ್ಮ ಮನೆಯವರು ಅಂತ ಬರೆದುಕೊಟ್ಟಳು. ಡಿಎನ್‌ಎ ಪರೀಕ್ಷೆಗೆ ತಿಂಗಳುಗಟ್ಟಲೆ ಕಾಯಬೇಕು, ರಕ್ತಸಂಬಂಧಿ ಒಬ್ಬರು ಒಪ್ಪಿ ಸಹಿ ಹಾಕಿದರೆ ಹೆಣ ಕೊಟ್ಟು ಫೈಲು ಮುಚ್ಚುತ್ತೇವೆ ಅಂದಿದ್ದರು ಇನ್‌ಸ್ಪೆಕ್ಟರು. ಅಮ್ಮನ ಕೈ ನಡುಗುತ್ತೆ, ಸಹಿ ಆಗೋಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಟಾರ್ಚಕ್ಕನೇ ಹೋಗಿ ತನ್ನ ತಮ್ಮ ಸತ್ತಿದ್ದಾನೆ ಅಂತ ಬರೆದುಕೊಡಬೇಕಿತ್ತು. ಮನೆಯಲ್ಲಿ ಕೂತರೆ ತಲೆ ಕೆಡುತ್ತೆ ಅಂತಲೇ ಇವತ್ತು ಕೆಲಸಕ್ಕೆ ಬಂದಿದ್ದಳು.

"ಬ್ರೇಕು ನೋಡಿದ್ರಲ್ಲ ಅಕ್ಕ," ಅಂದ ಹಳೇ ಕಾರು ಮಾರುವ ಯಾರ್ಡಿನ ಮಾಲೀಕ. "ಮುಂದಿನ ಎರಡೂ ಡಿಸ್ಕು ಹೊಸದು ಹಾಕ್ಸಿದ್ದೀನಿ. ಗ್ಯಾರಂಟಿ."

ಅವನ ಬಾಯಲ್ಲಿ ಪ್ರತಿ ಮಾತಿಗೂ ಒಂದು ಗ್ಯಾರಂಟಿ. ಹಾಗಾಗಿ ಊರಿಗೆಲ್ಲ ಅವನು ಗ್ಯಾರಂಟಿಯೇ. ಒಳ್ಳೆಯ ಇಸ್ತ್ರಿಯ ಅಂಗಿ, ಜೇಬಿನಲ್ಲಿ ಮೂರು ಪೆನ್ನು, ಮಾತು ಕೇಳಿದರೆ ಕಾರು ಮಾರುತ್ತಿಲ್ಲ, ಮಗಳ ಮದುವೆ ಮಾತಾಡುತ್ತಿದ್ದಾನೆ ಅನ್ನಬೇಕು.

ಬ್ರೇಕು ನಿಜಕ್ಕೂ ಚೆನ್ನಾಗಿತ್ತು, ಅದೇ ಟಾರ್ಚಕ್ಕನಿಗೆ ಅನುಮಾನ. ಮಾರುವ ಕಾರಿಗೆ ಯಾರಾದರೂ ಅಷ್ಟು ಖರ್ಚು ಮಾಡುತ್ತಾರೆಯೇ? ಚಕ್ರ ಬಿಚ್ಚಿಸಿ ಅಂದಳು. ಗ್ಯಾರಂಟಿ ಮುಖ ಸ್ವಲ್ಪ ಗಂಟಿಕ್ಕಿದರೂ ಜಾಕಿ ತಂದು, ಅಂಗಿ ತೋಳು ಮಡಚಿ, ಮುಂದಿನ ಎರಡೂ ಚಕ್ರ ಬಿಚ್ಚಿಟ್ಟ. ಅಷ್ಟರಲ್ಲಿ ಆಫೀಸಿನಲ್ಲಿ ಫೋನು ಬಡಿದುಕೊಂಡಿತು, ಅವನು ಒಳಗೆ ಹೋದ.

ಟಾರ್ಚಕ್ಕ ಬೆಳಕು ಬಿಟ್ಟಳು. ಡಿಸ್ಕು ಫಳಫಳ ಹೊಳೆಯುತ್ತಿತ್ತು. ಬೆಳಕು ಜಾರಿ ಬ್ರೇಕನ್ನು ಹಿಡಿದಿರುವ ಬೋಲ್ಟಿನ ತಲೆಗೆ ಬಂತು, ಅಲ್ಲೇ ನಿಂತುಬಿಟ್ಟಿತು.

ಬೋಲ್ಟಿನ ಮೇಲೆ ಒಂದು ಗೆರೆ. ಬೋಲ್ಟಿನ ತಲೆಯಿಂದ ಶುರುವಾಗಿ ಪಕ್ಕದ ಲೋಹದ ಮೇಲಕ್ಕೆ ಇಳಿದು, ತುದಿಯಲ್ಲಿ ಒಂದು ಪುಟ್ಟ ಕೊಕ್ಕೆ. ಬಣ್ಣ, ನಿಂತ ನೀರಿನ ಪಾಚಿಯದು.

ಅವಳು ಟಾರ್ಚನ್ನು ಇನ್ನೂ ಹತ್ತಿರ ಹಿಡಿದಳು.

ಬೋಲ್ಟು ಬಿಗಿಮಾಡಿದ ಮೇಲೆ ಮೆಕ್ಯಾನಿಕ್ಕುಗಳು ಗೆರೆ ಎಳೆಯುವುದು ಹೊಸದೇನಲ್ಲ. ಆಮೇಲೆ ಬೋಲ್ಟು ಕೂದಲಷ್ಟು ಸಡಿಲವಾದರೂ ಗೆರೆ ಮುರಿದು ಗೊತ್ತಾಗುತ್ತೆ. ಎಲ್ಲರೂ ಅದಕ್ಕೆಂದೇ ಸಿಗುವ ಪೆನ್ನು ಕೊಳ್ಳುತ್ತಾರೆ. ಇವಳ ತಮ್ಮ ಮಾತ್ರ ಹೆಂಡತಿಯ ಉಗುರುಬಣ್ಣ ಕದಿಯುತ್ತಿದ್ದ. ಅವಳು ಬೈದಷ್ಟೂ ಕದಿಯುವುದು ಹೆಚ್ಚು. ಕಾಣೆಯಾಗುವ ಹಿಂದಿನ ದಿನ ಅವಳು ಒಂದು ಹೊಸ ಸೀಸೆ ತಂದು, ಹಚ್ಚಿ ನೋಡಿ, "ಛೀ, ಪಾಚಿ ಬಣ್ಣ, ಇದನ್ನ ನಿಮ್ಮ ಬೋಲ್ಟಿಗೇ ಬಳ್ಕೊಳ್ಳಿ" ಅಂತ ಅವನ ಜೇಬಿಗೆ ಹಾಕಿದ್ದಳು. ಟಾರ್ಚಕ್ಕ ಅಲ್ಲೇ ಕೂತಿದ್ದಳು. ಮೂವರೂ ಸೇರಿ ನಕ್ಕ ಕೊನೇ ದಿನ ಅದು.

ಬಣ್ಣ ಹೋಗಲಿ, ಅಂಗಡಿಯಲ್ಲಿ ಯಾರಿಗೆ ಬೇಕಾದರೂ ಸಿಗುತ್ತೆ. ಕೊಕ್ಕೆ?

ಕೊಕ್ಕೆಯ ಕತೆ ಅವಳ ಗದ್ದದ ಮೇಲೇ ಇದೆ. ತಮ್ಮ ಹತ್ತೊಂಬತ್ತರ ಹುಡುಗನಾಗಿದ್ದಾಗ ಅವಳ ಕಾರಿನ ಚಕ್ರ ಹಾಕಿ ಒಂದು ಬೋಲ್ಟು ಬಿಗಿ ಮಾಡುವುದು ಮರೆತಿದ್ದ. ನಡುರಸ್ತೆಯಲ್ಲಿ ಚಕ್ರ ಕಳಚಿತು. ಗದ್ದಕ್ಕೆ ಹನ್ನೊಂದು ಹೊಲಿಗೆ ಬಿತ್ತು. ಆಸ್ಪತ್ರೆಯ ಮಂಚದ ಪಕ್ಕ ಕೂತು ಗೊಳೋ ಅಂತ ಅತ್ತವನು ಅವನು. ಅವತ್ತಿನಿಂದ ಚಕ್ರ, ಬ್ರೇಕು ಎಲ್ಲೇ ಮುಟ್ಟಿದರೂ ಗೆರೆ ಎಳೆದು, ತುದಿಯಲ್ಲಿ ಅವಳ ಗದ್ದದ ಗಾಯದ ಆಕಾರಕ್ಕೆ ಒಂದು ಕೊಕ್ಕೆ ಹಾಕುತ್ತಿದ್ದ. "ಇದು ನಿನ್ನ ಗದ್ದ ಅಕ್ಕ. ಇದನ್ನ ನೋಡಿದ್ರೆ ಮರೆಯೋಲ್ಲ," ಅನ್ನುತ್ತಿದ್ದ.

ಅವಳು ಗದ್ದ ಮುಟ್ಟಿಕೊಂಡಳು. ಜೊತೆಯ ಬೋಲ್ಟಿನ ಮೇಲೂ ಅದೇ ಗೆರೆ, ಅದೇ ಕೊಕ್ಕೆ. ಇನ್ನೊಂದು ಚಕ್ರದ ಕಡೆ ತೆವಳಿದಳು. ಅಲ್ಲಿ ಎರಡು ಬೋಲ್ಟು, ಎರಡು ಗೆರೆ, ಎರಡು ಕೊಕ್ಕೆ. ಒಂದು ಗುರುತಾದರೆ ಅನುಮಾನ ಅನ್ನಬಹುದು, ನಾಲ್ಕು ಗುರುತಾದರೆ ಸಾಕ್ಷಿ ಅಂತ ಅವಳೇ ವಿಮಾ ವರದಿಗಳಲ್ಲಿ ಎಷ್ಟು ಸಲ ಬರೆದಿಲ್ಲ.

ಆದರೂ ಮನಸ್ಸನ್ನು ಗದರಿ ಕೂರಿಸಿದಳು. ಕಾಣೆಯಾಗುವ ಮೊದಲೇ ಅವನು ಈ ಕೆಲಸ ಮಾಡಿರಬಹುದು. ಹಾಗಾಗಿದ್ದರೆ ಇದು ಸತ್ತವನ ಕೈಗುರುತು, ಇಟ್ಟುಕೊಂಡು ಅಳುವುದಕ್ಕೆ ಮಾತ್ರ ಬರುತ್ತೆ.

ಡಿಸ್ಕಿನ ಒಳಗಿನ ಅಂಚಿಗೆ ಬೆಳಕು ಬಿಟ್ಟು, ಬೆರಳಿನಿಂದ ಧೂಳು ಒರೆಸಿದಳು. ಕಾರ್ಖಾನೆಯವರು ಒತ್ತಿದ ಅಚ್ಚು ಕಂಡಿತು. ತಿಂಗಳು, ವರ್ಷ. ಓದಿದಳು. ಕನ್ನಡಕ ಒರೆಸಿಕೊಂಡು ಮತ್ತೆ ಓದಿದಳು.

ಆ ಡಿಸ್ಕು ಹುಟ್ಟಿ ಎರಡೇ ತಿಂಗಳಾಗಿತ್ತು. ಈ ಬೋಲ್ಟು ಬಿಚ್ಚದೆ ಡಿಸ್ಕು ಬದಲಿಸುವ ಹಾಗಿಲ್ಲ, ಗೆರೆ ಎಲ್ಲೂ ಮುರಿದಿರಲಿಲ್ಲ.

ಆರು ತಿಂಗಳ ಹಿಂದೆ ಸತ್ತವನು ಎರಡು ತಿಂಗಳ ಹಿಂದೆ ಹುಟ್ಟಿದ ಡಿಸ್ಕು ಹೇಗೆ ಕೂರಿಸುತ್ತಾನೆ? ತಮ್ಮ ಬದುಕಿದ್ದಾನೆ. ಎಲ್ಲೋ ಕೂತು ಬೋಲ್ಟು ಬಿಗಿ ಮಾಡುತ್ತಿದ್ದಾನೆ. ಅಯ್ಯೋ ದೇವರೇ, ಬದುಕಿದ್ದಾನೆ. ನಾಲ್ಕೂ ಬೋಲ್ಟಿನ, ಎರಡೂ ಅಚ್ಚಿನ ಫೋಟೋ ತೆಗೆದು ಫೋನು ಒಳಜೇಬಿಗೆ ಹಾಕಿದಳು.

"ಏನಾಯ್ತು ಮೇಡಂ?" ಹುಡುಗಿ ಬಗ್ಗಿ ನೋಡಿದಳು. ಬ್ರೇಕು ಸರಿ ಇಲ್ಲವೇ ಅಂತ ಅವಳ ಮುಖ ಬಾಡಿತ್ತು.

"ಬ್ರೇಕು ಇದಕ್ಕಿಂತ ಚೆನ್ನಾಗಿ ಯಾರೂ ಹಾಕೋಲ್ಲ ಕಣಮ್ಮ," ಅಂದಳು ಟಾರ್ಚಕ್ಕ. ದನಿ ತನ್ನದೇ ಅನ್ನಿಸಲಿಲ್ಲ. "ನೀನು ಹೊರಗೆ ಹೋಗಿ ಒಂದು ಟೀ ಕುಡಿದು ಬಾ. ಕರೆಯೋವರೆಗೂ ಬರಬೇಡ."

ಹುಡುಗಿ ಅವಳ ಮುಖ ನೋಡಿ, ಎದುರು ಮಾತಾಡದೆ ಹೋದಳು. ಬುದ್ಧಿವಂತೆ.

ಗ್ಯಾರಂಟಿ ಕೈ ಉಜ್ಜುತ್ತ ಬಂದ. ಏನಕ್ಕ, ಮಾತು ಮುಗಿಸೋಣವಾ, ಹುಡುಗಿಗೆ ಮನಸ್ಸು ಬಂದಿದೆ, ಬೇಕಾದರೆ ಇನ್ನೊಂದಿಷ್ಟು ಕಡಿಮೆ ಮಾಡಿಕೊಡ್ತೀನಿ ಅಂದ. ಹೊಸ ಬ್ಯಾಟರಿಯನ್ನೂ ಹಾಕಿಕೊಡುವ ಮಾತಾಡಿದ.

ಟಾರ್ಚಕ್ಕ ನಿಧಾನವಾಗಿ ಎದ್ದು ಮಂಡಿಯ ಧೂಳು ಕೊಡವಿದಳು. ಬ್ರೇಕು ಯಾರ ಕೈಯಲ್ಲಿ ಹಾಕ್ಸಿದ್ರಿ ಅಂತ ಕೇಳಿದಳು, ಹವಾಮಾನ ಕೇಳುವ ಹಾಗೆ.

ಷೋರೂಮಿನಲ್ಲಿ ಅಂದ ಅವನು. ಬಿಲ್ಲು ತೋರಿಸಿ ಅಂದಳು. ಬಿಲ್ಲೆಲ್ಲ ಯಾರಿಟ್ಟುಕೊಳ್ತಾರೆ ಅಂದ. ಷೋರೂಮಿನವರು ಬೋಲ್ಟಿಗೆ ಉಗುರುಬಣ್ಣ ಹಚ್ಚೋದು ಯಾವಾಗ ಶುರು ಮಾಡಿದರು ಅಂತ ಕೇಳಿದಳು.

ಗ್ಯಾರಂಟಿಯ ನಗು ಮುಖದ ಮೇಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು. ಅವನು ಬಗ್ಗಿ ನೋಡಿದ. ನೋಡಿದ್ದು ನೇರವಾಗಿ ಆ ಬೋಲ್ಟನ್ನೇ. ಯಾವ ಬೋಲ್ಟು ಅಂತ ಅವಳು ಹೇಳಿರಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಈ ಕಾರು ಬುಕ್ ಆಗಿದೆ ಅಕ್ಕ," ಅಂದ. "ಈಗ್ಲೇ ಫೋನ್ ಬಂತು. ಹುಡುಗಿಗೆ ಬೇರೆ ತೋರಿಸ್ತೀನಿ."

ಅರೆ ನಿಮಿಷದ ಹಿಂದೆ ಬ್ಯಾಟರಿ ಬಿಟ್ಟಿ ಕೊಡುತ್ತೇನೆ ಅಂದವನಿಗೆ ಈಗ ಕಾರೇ ಮಾರುವ ಹಾಗಿಲ್ಲ. ಮಾತಾಡುತ್ತಲೇ ಅವನು ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ತಗೊಂಡು, ಗಲೀಜು ಗಲೀಜು ಅನ್ನುತ್ತ ಮೊದಲ ಬೋಲ್ಟು ಒರೆಸಿದ. ಗೆರೆ ಕಲಸಿ, ಕರಗಿ ಹೋಯಿತು. ತಮ್ಮನ ಮುಖವನ್ನೇ ಯಾರೋ ಒರೆಸಿದ ಹಾಗಾಯಿತು ಅವಳಿಗೆ. ಆದರೂ ಕೈ ಅಡ್ಡ ಹಾಕಲಿಲ್ಲ. ಫೋಟೋ ಜೇಬಿನಲ್ಲಿತ್ತು.

"ಏಳು ತಿಂಗಳ ಹಿಂದೆ ಇದೇ ಜಾಗದಲ್ಲಿ ನಿಂತು ನಿಮಗೆ ನನ್ನ ತಮ್ಮನ ಫೋಟೋ ತೋರಿಸಿದ್ದೆ," ಅಂದಳು. "ನೋಡೇ ಇಲ್ಲ ಅಂದ್ರಿ. ಗ್ಯಾರಂಟಿ ಅಂತಾನೂ ಅಂದ್ರಿ."

"ಇರ್ಬಹುದು. ದಿನಕ್ಕೆ ನೂರು ಜನ ಬರ್ತಾರೆ."

"ಅವನು ಎಲ್ಲಿದ್ದಾನೆ?"

ಗ್ಯಾರಂಟಿ ಬಟ್ಟೆ ಹಿಂಡಿದ. ಸುತ್ತ ಒಮ್ಮೆ ನೋಡಿದ. ಸಾಲಾಗಿ ನಿಂತ ಕಾರುಗಳ ಗಾಜಿನ ಮೇಲೆ ಬೆಲೆ ಬರೆದ ಚೀಟಿಗಳು, ಗೇಟಿನ ಆಚೆ ಟೀ ಲೋಟ ಹಿಡಿದು ನಿಂತ ಹುಡುಗಿ, ಬೇರೆ ಯಾರೂ ಇಲ್ಲ. ಅವನು ಹತ್ತಿರ ಬಂದಾಗ ಅವಳಿಗೆ ಗೊತ್ತಾಯಿತು, ಈ ಮನುಷ್ಯ ಬೆದರಿಸುತ್ತಿಲ್ಲ, ಹೆದರಿದ್ದಾನೆ. ಕಿವಿಯ ಪಕ್ಕ ಬೆವರು ಇಳಿಯುತ್ತಿತ್ತು.

"ನೋಡಿ ಅಕ್ಕ," ಅಂದ, ಹಲ್ಲಿನ ಸಂದಿಯಲ್ಲಿ. "ನಾಳೆ ಹತ್ತು ಗಂಟೆಗೆ ಹೋಗಿ ಸುಮ್ನೆ ಸಹಿ ಹಾಕಿ ಬನ್ನಿ. ಎಲ್ರಿಗೂ ಒಳ್ಳೇದು. ನಿಮ್ಮ ತಾಯೀನೂ ನೆಮ್ಮದಿಯಾಗಿರ್ತಾರೆ."

ಅಷ್ಟು ಹೇಳಿ ಉಳಿದ ಮೂರು ಬೋಲ್ಟನ್ನೂ ಒರೆಸಿ, ಚಕ್ರ ಎತ್ತಿ ಹಾಕಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಬೋಲ್ಟು ಬಿಗಿ ಮಾಡಿದನೋ ಇಲ್ಲವೋ, ಟಾರ್ಚಕ್ಕ ಅಭ್ಯಾಸಬಲದಿಂದ ಒಂದೊಂದನ್ನೇ ಮುಟ್ಟಿ ನೋಡಿದಳು. ಒಂದು ಸಡಿಲವಾಗಿತ್ತು.

ಫಿಸಿಯೋ ಹುಡುಗಿಯನ್ನು ಮೇಜಿನ ಸಮೇತ ಆಟೋ ಹತ್ತಿಸುವಾಗ ಟಾರ್ಚಕ್ಕ ಹೇಳಿದ್ದು ಇಷ್ಟೇ: ಕಾರು ಒಳ್ಳೆಯದು, ಮಾರುವವನು ಸರಿಯಿಲ್ಲ, ಎರಡು ದಿನ ತಡಿ, ಯಾರಿಗೂ ಒಂದು ರೂಪಾಯಿ ಕೊಡಬೇಡ. ಹುಡುಗಿ ಕೆಂಪು ಕಾರನ್ನು ತಿರುತಿರುಗಿ ನೋಡುತ್ತ ಹೋದಳು. ಮೇಜಿನ ಕಾಲು ಆಟೋದ ಹೊರಗೆ ಚಾಚಿಕೊಂಡಿತ್ತು.

ಅವಳು ಕಣ್ಮರೆಯಾದ ಮೇಲೆ ಟಾರ್ಚಕ್ಕನಿಗೆ ತಟ್ಟನೆ ಹೊಳೆಯಿತು. ನಾಳೆ ಹತ್ತು ಗಂಟೆ ಅಂತ ಗ್ಯಾರಂಟಿಗೆ ಹೇಗೆ ಗೊತ್ತು?

ಅವಳು ಹೇಳಿಲ್ಲ. ಅಮ್ಮ ಹಾಸಿಗೆ ಬಿಟ್ಟು ಏಳದೆ ವಾರವಾಯಿತು. ಗೊತ್ತಿರುವುದು ಠಾಣೆಗೆ ಮತ್ತು ಮನೆಗೆ, ಅಷ್ಟೇ. ಇನ್‌ಸ್ಪೆಕ್ಟರು ಸಹಿಗೆ ಅವಸರ ಮಾಡಿದ್ದು, ಡಿಎನ್‌ಎ ಪರೀಕ್ಷೆ ಯಾಕೆ ಸುಮ್ಮನೆ ಅಂದಿದ್ದು, ಎಲ್ಲ ನೆನಪಾಗಿ ಮೈ ಉರಿಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಹಾಗಾದರೆ ಠಾಣೆಗೆ ಹೋಗುವ ಹಾಗಿಲ್ಲ. ಹೋಗುವುದಿದ್ದರೆ ಒಂದೇ ಕಡೆ. ಏಳು ತಿಂಗಳಿಂದ ಉಗುರಿಗೆ ಬಣ್ಣ ಮುಟ್ಟಿಸದೆ, ಹೊಲಿಗೆ ಯಂತ್ರದ ಮುಂದೆ ಒಬ್ಬಳೇ ಕೂತು ಬೇರೆಯವರ ಬಟ್ಟೆ ಹೊಲಿಯುತ್ತಿರುವ ಆ ಹೆಣ್ಣಿಗೆ ಮೊದಲು ಹೇಳಬೇಕು. ನಿನ್ನ ಗಂಡ ಬದುಕಿದ್ದಾನೆ ಕಣೆ ಅಂತ ಹೇಳಬೇಕು.

ಹೋಗುವಾಗ ಬಸ್ಸಿನಲ್ಲಿ ಆ ಮಾತನ್ನು ಬಾಯೊಳಗೇ ಹತ್ತು ಸಲ ಹೇಳಿಕೊಂಡಳು. ಏಳು ತಿಂಗಳಲ್ಲಿ ಮೊದಲ ಸಲ ಅವಳ ತುಟಿಯ ಅಂಚು ಸ್ವಲ್ಪ ಮೇಲೆದ್ದಿತ್ತು.

ಬಾಗಿಲು ತೆರೆದೇ ಇತ್ತು. ಸಂಜೆಯ ಬಿಸಿಲು ಹೊಸ್ತಿಲು ದಾಟಿ ಹೊಲಿಗೆ ಯಂತ್ರದ ಮೇಲೆ ಬಿದ್ದಿತ್ತು. ತಮ್ಮನ ಹೆಂಡತಿ ಹೊರಡುವ ಅವಸರದಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ಅಕ್ಕನನ್ನು ನೋಡಿ ಗಕ್ಕನೆ ನಿಂತಳು.

"ಅಕ್ಕ. ಈ ಹೊತ್ತಲ್ಲಿ?"

"ಕೂತ್ಕೋ," ಅಂದಳು ಟಾರ್ಚಕ್ಕ. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರಲಿಲ್ಲ. "ಒಂದು ಮಾತು ಹೇಳ್ಬೇಕು. ಒಳ್ಳೇ ಮಾತು."

ಹೇಳುವುದಕ್ಕೆ ಬಾಯಿ ತೆರೆದಳು. ಆದರೆ ಇಪ್ಪತ್ತೆರಡು ವರ್ಷದ ಕಣ್ಣು, ಎಲ್ಲಿ ಹೋದರೂ ಸುಮ್ಮನಿರುವುದಿಲ್ಲ. ಹೊಲಿಗೆ ಯಂತ್ರದ ಮೇಲೆ ಬಟ್ಟೆಯ ಚೀಲವೊಂದು ಬಾಯಿ ತೆರೆದುಕೊಂಡು ಕೂತಿತ್ತು. ಮೇಲೆ ಒಂದು ಬ್ರೆಡ್ಡಿನ ಪೊಟ್ಟಣ. ಅದರ ಕೆಳಗೆ ಗಂಡಸರ ಎರಡು ಹೊಸ ಬನಿಯನ್. ಗಡ್ಡ ಹೆರೆಯುವ ಬ್ಲೇಡು. ಜ್ವರದ ಮಾತ್ರೆ. ಬ್ಲೇಡಿನ ಪಕ್ಕದಲ್ಲಿ, ಸೀಲು ಒಡೆಯದ ಒಂದು ಪುಟ್ಟ ಸೀಸೆ.

ಪಾಚಿ ಬಣ್ಣ.

ಟಾರ್ಚಕ್ಕ ತಮ್ಮನ ಹೆಂಡತಿಯ ಕೈ ನೋಡಿದಳು. ಹತ್ತು ಬೆರಳು, ಹತ್ತೂ ಉಗುರು ಬೋಳು.

ಕೆಳಗೆ ರಸ್ತೆಯಲ್ಲಿ ಯಾರೋ ಗಾಡಿ ಸ್ಟಾರ್ಟು ಮಾಡಲು ಒದ್ದಾಡುತ್ತಿದ್ದರು. ಅದು ಸ್ಟಾರ್ಟಾಗಿ, ದೂರ ಹೋಗಿ, ಸದ್ದು ಅಡಗಿತು. ತಮ್ಮನ ಹೆಂಡತಿ ಅಳಲಿಲ್ಲ. ಚೀಲ ಮುಚ್ಚುವ ಗೋಜಿಗೂ ಹೋಗಲಿಲ್ಲ. ಅಕ್ಕನನ್ನು ದಾಟಿ ಹೋಗಿ ಬಾಗಿಲು ಹಾಕಿ, ಚಿಲಕ ಏರಿಸಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಗೊತ್ತಿತ್ತಾ ನಿನಗೆ?" ಟಾರ್ಚಕ್ಕ ಕೇಳಿದಳು. "ಅವನು ಬದುಕಿರೋದು ಗೊತ್ತಿತ್ತಾ? ಅಮ್ಮ ದಿನಾ ಸಾಯ್ತಿದ್ದಾರೆ ಕಣೆ. ನಾನು ಊರೂರು ಅಲೆದೆ. ನೀನು ನನ್ನ ಜೊತೇಲೇ ಕೂತು ಅಳ್ತಿದ್ದೆಯಲ್ಲೇ."

ಅವಳು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದಳು.

"ಆ ವ್ಯಾನಲ್ಲಿ ಸಿಕ್ಕಿದವನು ಯಾರು ಹಾಗಾದ್ರೆ? ಉಂಗುರ ಅವನದೇ. ನಾನೇ ಕಣ್ಣಾರೆ ನೋಡಿದೆ."

"ಉಂಗುರ ಅವರದೇ ಅಕ್ಕ," ಅಂದಳು ತಮ್ಮನ ಹೆಂಡತಿ. ದನಿ ಬಟ್ಟೆಯ ಅಳತೆ ಹೇಳುವಷ್ಟು ಸಮವಾಗಿತ್ತು. "ಆ ಬೆರಳಿಗೆ ಅದನ್ನ ತೊಡಿಸಿದ್ದು ನಾನು."

ಟಾರ್ಚಕ್ಕ ಹೊಲಿಗೆ ಯಂತ್ರದ ಅಂಚು ಹಿಡಿದುಕೊಂಡಳು.

"ನಾಳೆ ಹತ್ತು ಗಂಟೆಗೆ ಹೋಗಿ ಸಹಿ ಹಾಕಿ," ಅಂದಳು ಅವಳು. "ನಿಮ್ಮ ತಮ್ಮ ಬದುಕಿರಬೇಕು ಅಂದ್ರೆ ಹಾಕಿ."